ಕನ್ನಡ ಸಂಘಕ್ಕೆ ಸದಸ್ಯರಾರು?

ಸಂಘ ಕಟ್ಟುವುದು ಸುಲಭ, ಸದಸ್ಯರಾರೆಂದು ನಿರ್ಣಯಿಸುವುದು ಕಷ್ಟ. ಹೆಸರು, ಉದ್ದೇಶ, ಕಾರ್ಯಾಲಯದ ವಿಳಾಸ ಇವುಗಳನ್ನು ಒಂದೇ ಸಂಜೆ ಕುಳಿತು ಬರೆದು ಮುಗಿಸಬಹುದು. ನಿಯಮಾವಳಿಯಲ್ಲಿ 'ಸದಸ್ಯತ್ವ' ಎಂಬ ತಲೆಬರಹ ಬಂದಾಗ ಲೇಖನಿ ನಿಲ್ಲುತ್ತದೆ. 'ಕನ್ನಡಿಗರೆಲ್ಲರೂ ಸದಸ್ಯರಾಗಬಹುದು' ಎಂದು ಬರೆದರೆ ಕೇಳುವುದಕ್ಕೆ ಚೆನ್ನ. ಆದರೆ ಕನ್ನಡಿಗರೆಂದರೆ ಯಾರು? ಮನೆಯಲ್ಲಿ ಕನ್ನಡ ಆಡುವವರೇ? ಕನ್ನಡ ಓದಿ ಬರೆಯಬಲ್ಲವರೇ? ಇಂಥ ಜಾತಿಯಲ್ಲಿ ಹುಟ್ಟಿದವರೇ? ಕರ್ನಾಟಕದ ಒಳಗೆ ಈ ಪ್ರಶ್ನೆಗೆ ಉತ್ತರ ಹೇಳದೆಯೂ ಕಾಲ ನೂಕಬಹುದು. ಗಡಿಯ ಈಚೆಗೆ ಉಳಿದ ನಮಗೆ ಆ ಸೌಕರ್ಯವಿಲ್ಲ.

ಈ ಪ್ರಶ್ನೆಯನ್ನು ನಮ್ಮ ಜಿಲ್ಲೆಯಿಂದ ಸ್ವಲ್ಪ ದೂರ ನಿಂತು ನೋಡುವುದು ಒಳ್ಳೆಯದು. ತಮಿಳುನಾಡಿನ ಸೇಲಂ ಜಿಲ್ಲೆಯಲ್ಲಿ, ಮೆಟ್ಟೂರು ಅಣೆಕಟ್ಟಿನ ಸಮೀಪ, ಮೇಚೇರಿ ಎಂಬ ಊರಿದೆ. ಭದ್ರಕಾಳಿಯಮ್ಮನ ಗುಡಿಗೂ 'ಮೇಚೇರಿ ಕುರಿ' ಎಂಬ ತಳಿಗೂ ಹೆಸರಾದ ಪಟ್ಟಣ ಪಂಚಾಯತು. ಸೇಲಂ ಸೀಮೆಯೂ ಬಾರಾಮಹಲೂ ಮೈಸೂರಿನ ಆಳ್ವಿಕೆಗೆ ಒಳಪಟ್ಟಿದ್ದು, 1792ರ ಶ್ರೀರಂಗಪಟ್ಟಣ ಒಪ್ಪಂದದಿಂದ ಇಂಗ್ಲಿಷ್ ಕಂಪೆನಿಯ ಕೈಗೆ ಹೋದುವು. ದೊರೆಗಳು ಬದಲಾದರು, ಮನೆಮಾತು ಉಳಿಯಿತು. ಸೇಲಂ, ಧರ್ಮಪುರಿ ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ಇಂದಿಗೂ ಅಡುಗೆಮನೆಯ ಮಾತು, ಜಗಳದ ಮಾತು, ಮಗುವನ್ನು ಮಲಗಿಸುವ ಮಾತು ಕನ್ನಡವೇ. 1956ರ ನವೆಂಬರ್ 1ರ ತನಕ ಮೇಚೇರಿಯೂ ಕಾಸರಗೋಡೂ ಒಂದೇ ಮದ್ರಾಸು ರಾಜ್ಯದಲ್ಲಿದ್ದುವು ಎಂಬುದನ್ನು ವಾಚಕರು ಮರೆತಿರಲಾರರು. ಅಂದಿನಿಂದ ನಾವು ಕೇರಳದವರಾದೆವು, ಅವರು ಅಲ್ಲಿಯೇ ಉಳಿದರು.

ಮೇಚೇರಿಯಂಥ ಊರಿನಲ್ಲಿ ಒಂದು ಕನ್ನಡ ಸಂಘ ಸ್ಥಾಪಿಸಬೇಕೆಂದು ನಾಲ್ಕು ಜನ ಹೊರಟರೆಂದು ಭಾವಿಸೋಣ. 'ಕನ್ನಡ ಓದಲು ಬರೆಯಲು ಬಲ್ಲವರು ಸದಸ್ಯರು' ಎಂಬ ನಿಯಮ ಮಾಡಿದರೆ ಆಗುವುದೇನು? ಅಲ್ಲಿ ಕನ್ನಡ ಮನೆಮಾತಿನವರಲ್ಲಿ ಬಹುಮಂದಿ ಓದಿದ್ದು ತಮಿಳು ಶಾಲೆಯಲ್ಲಿ. ಕಾಗದ ಬರೆಯುವುದು ತಮಿಳಿನಲ್ಲಿ, ಲೆಕ್ಕ ಇಡುವುದು ತಮಿಳಿನಲ್ಲಿ. ಕನ್ನಡ ಅವರ ನಾಲಗೆಯಲ್ಲಿದೆ, ಕೈಯಲ್ಲಿಲ್ಲ. ಅದು ಅವರ ಅಪರಾಧವಲ್ಲ. 2006ರ ತಮಿಳು ಕಲಿಕೆ ಕಾಯಿದೆ 2006-07ರಲ್ಲಿ ಒಂದನೇ ತರಗತಿಯಿಂದ ಆರಂಭವಾಗಿ ವರ್ಷಕ್ಕೊಂದು ತರಗತಿಯಂತೆ ಮೇಲೇರಿ, 2015-16ರಲ್ಲಿ ಹತ್ತನೇ ತರಗತಿಯನ್ನು ಮುಟ್ಟಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಮಿಳು ಪರೀಕ್ಷೆಯಿಂದ ವಿನಾಯಿತಿ ಬೇಕಾದಾಗ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಇಂಥ ಸ್ಥಿತಿಯಲ್ಲಿ ಓದುಬರಹದ ಷರತ್ತು ಹಾಕಿದ ಸಂಘ ವರ್ಷದಿಂದ ವರ್ಷಕ್ಕೆ ತಾನೇ ಸಣ್ಣದಾಗುತ್ತ ಹೋಗುತ್ತದೆ. ಕನ್ನಡ ಕಲಿಸುವುದಕ್ಕೆಂದೇ ಹುಟ್ಟಿದ ಸಂಘವು ಕಲಿಯಬೇಕಾದವರನ್ನೇ ಬಾಗಿಲಲ್ಲಿ ನಿಲ್ಲಿಸಿದಂತಾಗುತ್ತದೆ.

ಹಾಗಾದರೆ ಜಾತಿಯ ಆಧಾರದಲ್ಲಿ ಸದಸ್ಯರನ್ನು ಸೇರಿಸಿದರೆ ಹೇಗೆ? ಇದು ಸುಲಭವೆಂದು ತೋರುವ ದಾರಿ, ಏಕೆಂದರೆ ಕುಲಬಾಂಧವರ ಪಟ್ಟಿ ಸಿದ್ಧವಾಗಿಯೇ ಇರುತ್ತದೆ. ಆದರೆ ಜಾತಿಯ ಗಡಿಯೂ ಭಾಷೆಯ ಗಡಿಯೂ ಒಂದಲ್ಲ. ನೇಯ್ಗೆಯ ಕಸುಬಿನ ದೇವಾಂಗರನ್ನೇ ತೆಗೆದುಕೊಳ್ಳಿ. ಆ ಒಂದೇ ಜಾತಿಯಲ್ಲಿ ಕನ್ನಡ ಮನೆಮಾತಿನವರೂ ಇದ್ದಾರೆ, ತೆಲುಗು ಮನೆಮಾತಿನವರೂ ಇದ್ದಾರೆ. ಜಾತಿ ಸಂಘಕ್ಕೆ ಅವರಿಬ್ಬರೂ ಬೇಕು, ಅದು ಸರಿಯೇ. ಆದರೆ ಅದೇ ಪಟ್ಟಿಯನ್ನು ಕನ್ನಡ ಸಂಘದ ಪಟ್ಟಿಯೆಂದು ಕರೆದರೆ ಕನ್ನಡ ಬಾರದವರು ಒಳಗೂ, ಪಕ್ಕದ ಬೀದಿಯ ಬೇರೆ ಜಾತಿಯ ಕನ್ನಡದವರು ಹೊರಗೂ ಉಳಿಯುತ್ತಾರೆ.

ಉಳಿದಿರುವುದು ಮನೆಮಾತಿನ ಪರೀಕ್ಷೆ. ಮೇಚೇರಿಗೆ ಇದು ಒಪ್ಪುತ್ತದೆ. ಕಾನೂನಿನ ಬೆಂಬಲವೂ ಇದಕ್ಕಿದೆ. 1971ರಲ್ಲಿ ಪಂಜಾಬಿನ ಡಿ.ಎ.ವಿ. ಕಾಲೇಜುಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಭಾಷಾ ಅಲ್ಪಸಂಖ್ಯಾತರೆನಿಸಲು ಪ್ರತ್ಯೇಕವಾದ ಆಡುನುಡಿ ಇದ್ದರೆ ಸಾಕು, ಪ್ರತ್ಯೇಕ ಲಿಪಿ ಇರಲೇಬೇಕೆಂದಿಲ್ಲ ಎಂದು ಹೇಳಿತು. ನುಡಿಯೊಂದಕ್ಕೆ ಸ್ವಂತ ಲಿಪಿಯೇ ಬೇಕಿಲ್ಲವೆಂದ ಮೇಲೆ, ಲಿಪಿಯುಳ್ಳ ನುಡಿಯನ್ನು ಆಡಬಲ್ಲ, ಬರೆಯಲಾರದ ಮನುಷ್ಯನನ್ನು ಆ ನುಡಿಯವನಲ್ಲ ಎಂದು ತಳ್ಳುವುದು ಹೇಗೆ ನ್ಯಾಯ?

ಈಗ ಇದೇ ಅಳತೆಗೋಲನ್ನು ಹಿಡಿದು ನಮ್ಮ ಕಾಸರಗೋಡಿಗೆ ಬರೋಣ. ಇಲ್ಲಿ ಚಿತ್ರ ತಲೆಕೆಳಗು. ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಒಂದು ತರಗತಿಯ ಹಾಜರಿ ಪುಸ್ತಕ ತೆರೆದರೆ ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಮನೆಮಾತಿನ ಮಕ್ಕಳು ಹವ್ಯಕ ಕನ್ನಡದ ಮಕ್ಕಳೊಡನೆ ಒಂದೇ ಬೆಂಚಿನಲ್ಲಿ ಕುಳಿತಿರುವುದು ಕಾಣುತ್ತದೆ. ಮನೆಯಲ್ಲಿ ಬೇರೆ ಬೇರೆ ಮಾತು, ಪುಸ್ತಕದಲ್ಲಿ ಕನ್ನಡ. ಮೇಚೇರಿಯವರ ಕನ್ನಡ ನಾಲಗೆಯಲ್ಲಿದ್ದರೆ ನಮ್ಮಲ್ಲಿ ಅನೇಕರ ಕನ್ನಡ ಕೈಯಲ್ಲಿದೆ. 'ಕನ್ನಡ ಮಾತೃಭಾಷೆಯುಳ್ಳವರು ಮಾತ್ರ ಸದಸ್ಯರು' ಎಂದು ಇಲ್ಲಿಯ ಸಂಘವೊಂದು ನಿಯಮ ಮಾಡಿದರೆ, ಕೊಂಕಣಿ ಮನೆಮಾತಿನ ಮಂಜೇಶ್ವರ ಗೋವಿಂದ ಪೈಗಳು ಹೊರಗೆ ನಿಲ್ಲಬೇಕಾಗುತ್ತಿತ್ತು. 1949ರಲ್ಲಿ ಮದ್ರಾಸು ಸರಕಾರ ರಾಷ್ಟ್ರಕವಿಯೆಂದು ಮನ್ನಿಸಿದ್ದು ಅವರನ್ನೇ. ಕಾಸರಗೋಡಿನ ವಿಲೀನೀಕರಣಕ್ಕಾಗಿ ಜೀವನವಿಡೀ ಹೋರಾಡಿದ, 1997ರ ಮಂಗಳೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನು ಅಲಂಕರಿಸಿದ ಕಯ್ಯಾರ ಕಿಞ್ಞಣ್ಣ ರೈಗಳೂ ಹೊರಗೆ. ಅವರ ಮನೆಮಾತು ತುಳು. ಇನ್ನು ಮರಾಠಿ ಮನೆಮಾತಿನ ಬೇಂದ್ರೆ, ತಮಿಳು ಮನೆಮಾತಿನ ಮಾಸ್ತಿ ಇವರ ಗತಿ ಹೇಳಬೇಕಾಗಿಲ್ಲ. ಕನ್ನಡದ ಮೇರು ವ್ಯಕ್ತಿಗಳನ್ನೇ ಹೊರಗಿಡುವ ನಿಯಮಕ್ಕೆ ಕನ್ನಡ ಸಂಘದ ನಿಯಮವೆಂಬ ಹೆಸರು ಒಪ್ಪೀತೇ?

ಆದುದರಿಂದ ಒಂದು ಮಾತು ಸ್ಪಷ್ಟ. ಓದುಬರಹದ ಪರೀಕ್ಷೆ ಮೇಚೇರಿಯನ್ನು ಹೊರಗಿಡುತ್ತದೆ. ಮನೆಮಾತಿನ ಪರೀಕ್ಷೆ ಕಾಸರಗೋಡಿನ ಅರ್ಧವನ್ನು ಹೊರಗಿಡುತ್ತದೆ. ಎರಡನ್ನೂ ಒಟ್ಟಿಗೆ ಹೇರಿದರೆ ಎರಡೂ ಕಡೆ ಉಳಿಯುವವರು ಬೆರಳೆಣಿಕೆಯ ಮಂದಿ. ಎರಡರಲ್ಲಿ ಯಾವುದಾದರೊಂದು ಇದ್ದರೂ ಸಾಕು ಎಂಬುದೊಂದೇ ಗಡಿನಾಡಿಗೆ ಹೊಂದುವ ನಿಯಮ.

ಇದನ್ನು ನಿರ್ಣಯಿಸುವ ಅಧಿಕಾರ ಯಾರಿಗೆ ಎಂಬುದು ಮುಂದಿನ ಪ್ರಶ್ನೆ. ಇಲ್ಲಿಯೂ 1971ನೇ ಇಸವಿಯ ಒಂದು ತೀರ್ಪು ದಾರಿ ತೋರಿಸುತ್ತದೆ, ಅದೂ ಭಾಷಾ ಸಂಸ್ಥೆಯೊಂದರ ವಿಷಯದಲ್ಲೇ. ಅಲಹಾಬಾದಿನ ಹಿಂದೀ ಸಾಹಿತ್ಯ ಸಮ್ಮೇಲನದಲ್ಲಿ ಸದಸ್ಯರೊಳಗೆ ಕಲಹ ಎದ್ದು ವ್ಯವಹಾರ ಕೋರ್ಟಿಗೆ ಹೋಗಿತ್ತು. 1962ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿ, ಹಳೆಯ ಸಂಘದ ಜಾಗದಲ್ಲಿ ಹೊಸದೊಂದನ್ನು ನಿಲ್ಲಿಸಿ, ಹಳೆಯ ಸದಸ್ಯರ ಒಪ್ಪಿಗೆಯಿಲ್ಲದೆ ಹೊಸಬರನ್ನು ಸೇರಿಸಲು ಅವಕಾಶ ಮಾಡಿತು. ಸುಪ್ರೀಂ ಕೋರ್ಟು ಆ ಕಾಯಿದೆಯನ್ನು ರದ್ದುಗೊಳಿಸಿತು. ಸಂಘ ಕಟ್ಟುವ ಮೂಲಭೂತ ಹಕ್ಕಿನಲ್ಲಿ, ತಾವು ಸ್ವಇಚ್ಛೆಯಿಂದ ಸೇರಿಸಿಕೊಂಡವರೊಡನೆ ಮಾತ್ರ ಮುಂದುವರಿಯುವ ಹಕ್ಕೂ ಅಡಕವಾಗಿದೆ ಎಂಬುದು ಆ ತೀರ್ಪಿನ ಸಾರ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘವೊಂದು ಪಾರ್ಸಿಗಳನ್ನು ಮಾತ್ರ ಸದಸ್ಯರನ್ನಾಗಿ ಇಟ್ಟುಕೊಳ್ಳಬಹುದೆಂದೂ ಅದೇ ಕೋರ್ಟು ಹೇಳಿತು. ಎಂದರೆ, ಬಾಗಿಲು ಎಷ್ಟು ಅಗಲವಿರಬೇಕೆಂದು ಗೊತ್ತುಮಾಡುವವರು ಸಂಘದ ಸದಸ್ಯರೇ ಹೊರತು ಸರಕಾರವಲ್ಲ.

ಆದರೆ ಹಕ್ಕು ಇದೆಯೆಂದ ಮಾತ್ರಕ್ಕೆ ಬಾಗಿಲು ಕಿರಿದಾಗಿಸುವುದು ಜಾಣತನವಾಗದು. ಮಲಬಾರಿನ ಭಾಗದಲ್ಲಿ ಈಗಲೂ ಜಾರಿಯಲ್ಲಿರುವ 1860ರ ಸಂಘಗಳ ನೋಂದಣಿ ಕಾಯಿದೆಯಂತೆ ಏಳು ಜನ ಸಹಿ ಹಾಕಿದರೆ ಸಂಘ ಹುಟ್ಟುತ್ತದೆ. ಆ ಮೊದಲ ಏಳು ಮಂದಿ ಯಾರೋ, ಅವರ ಕಣ್ಣಿಗೆ ಯಾರು ಕನ್ನಡಿಗರಾಗಿ ಕಾಣುತ್ತಾರೋ ಅವರೇ ಎಂಟನೆಯವರು. ಏಳು ಜನರೂ ಒಂದೇ ಜಾತಿಯವರಾದರೆ, ಒಂದೇ ಬೀದಿಯವರಾದರೆ, ನಿಯಮಾವಳಿಯಲ್ಲಿ ಜಾತಿಯ ಹೆಸರೆತ್ತದಿದ್ದರೂ ಸಂಘ ಜಾತಿ ಸಂಘವೇ ಆಗುತ್ತದೆ. ಗಡಿನಾಡಿನಲ್ಲಿ ಸಂಘಗಳು ಬಡವಾಗುವುದಕ್ಕೆ ಹೊರಗಿನವರ ದ್ವೇಷಕ್ಕಿಂತ ಈ ಒಳಗಿನ ಸಂಕೋಚವೇ ಎಷ್ಟೋ ವೇಳೆ ಕಾರಣ.

ಸಂಖ್ಯೆ ನಮಗೆ ಅಲಂಕಾರವಲ್ಲ, ಅನ್ನ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಕೊಡಬೇಕಾದರೆ ಶಾಲೆಯಲ್ಲಿ 40 ಮಂದಿ ಅಥವಾ ಒಂದು ತರಗತಿಯಲ್ಲಿ 10 ಮಂದಿ ಮಕ್ಕಳಿರಬೇಕೆಂಬುದು 1949ರಿಂದ ಬಂದ ಅಳತೆ. ಸರಕಾರದ ಮುಖ್ಯ ಪ್ರಕಟಣೆಗಳು ಅಲ್ಪಸಂಖ್ಯಾತರ ಭಾಷೆಯಲ್ಲಿ ಹೊರಡಬೇಕಾದರೆ ಆ ಪ್ರದೇಶದ ಜನಸಂಖ್ಯೆಯಲ್ಲಿ ಅವರು ಶೇಕಡಾ 15 ಇರಬೇಕು. ತಮಿಳುನಾಡಿನಲ್ಲಿ 2011ರ ಜನಗಣತಿಯಂತೆ ಕನ್ನಡದವರ ಸಂಖ್ಯೆ 12 ಲಕ್ಷಕ್ಕೂ ಮಿಕ್ಕಿದೆ. ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು ಆಧಾರದಿನವೆಂದು ಗೊತ್ತುಪಡಿಸಲಾಗಿದೆ. ಬಾಲ್ಯದಲ್ಲಿ ತಾಯಿ ಆಡಿದ ಭಾಷೆಯೇ ಮಾತೃಭಾಷೆ ಎಂಬುದು ಗಣತಿಯ ವ್ಯಾಖ್ಯೆ. ಅಲ್ಲಿ ಓದುಬರಹದ ಪ್ರಶ್ನೆಯೇ ಇಲ್ಲ. ಆದರೆ 'ನಿನಗೆ ಕನ್ನಡ ಓದಲು ಬಾರದು, ನೀನು ನಮ್ಮವನಲ್ಲ' ಎಂದು ಸಂಘದವರಿಂದಲೇ ಹೇಳಿಸಿಕೊಂಡ ಮನುಷ್ಯ ಗಣತಿದಾರನ ಮುಂದೆ ತನ್ನ ಭಾಷೆ ಕನ್ನಡವೆಂದು ಯಾವ ಬಾಯಲ್ಲಿ ಹೇಳಿಯಾನು? ಸಂಘದ ಬಾಗಿಲಲ್ಲಿ ಕಳೆದುಕೊಂಡ ಒಂದು ಹೆಸರು ಗಣತಿಯಲ್ಲೂ ಹೋಯಿತು, ಶಾಲೆಯ ಹತ್ತು ಮಕ್ಕಳ ಲೆಕ್ಕದಲ್ಲೂ ಹೋಯಿತು.

ಹಾಗೆಂದು ಒಲ್ಲದವರನ್ನು ಎಳೆದು ತಂದು ಕನ್ನಡಿಗರೆಂದು ಬರೆದುಕೊಳ್ಳುವುದೂ ತಪ್ಪು. ನೀಲಗಿರಿಯ ಬಡಗರ ಮಾತನ್ನು ಜನಗಣತಿ ಕನ್ನಡದ ಕೆಳಗೆ ಸೇರಿಸುತ್ತದೆ. ತಮ್ಮದು ಸ್ವತಂತ್ರ ಭಾಷೆಯೆಂದು ಹೇಳುವ ಬಡಗರು ಅನೇಕರಿದ್ದಾರೆ. ಅವರ ಮಾತಿಗೆ ಗೌರವ ಕೊಡಬೇಕು. ತುಳುವರ ವಿಷಯದಲ್ಲೂ ಹಾಗೆಯೇ. ಕನ್ನಡ ಸಂಘಕ್ಕೆ ಸೇರಿದ ತುಳುವ ತುಳುವನಾಗಿಯೇ ಇರಲಿ. ಸದಸ್ಯತ್ವವೆಂಬುದು ಸ್ವಇಚ್ಛೆಯ ಸಂಬಂಧ, ಮತಾಂತರವಲ್ಲ.

ಬಾಗಿಲು ಅಗಲವಾದರೆ ಕಳ್ಳರೂ ಬಂದಾರು ಎಂಬ ಭಯ ನ್ಯಾಯವಾದದ್ದೇ. ಚುನಾವಣೆಯ ಮುಂಚಿನ ತಿಂಗಳಲ್ಲಿ ಯಾರೋ ಒಬ್ಬರು ನೂರು ಜನರ ಚಂದಾ ತಾವೇ ಕಟ್ಟಿ, ಹೆಸರು ಸೇರಿಸಿ, ಸಂಘವನ್ನು ಕೈವಶ ಮಾಡಿಕೊಳ್ಳುವುದು ಎಲ್ಲ ಭಾಷೆಯ ಸಂಘಗಳಲ್ಲೂ ಉಂಟು. ಆದರೆ ಇದಕ್ಕೆ ಮದ್ದು ಜಾತಿಯನ್ನೋ ಭಾಷೆಯನ್ನೋ ಶೋಧಿಸುವುದಲ್ಲ, ಕಾಲವನ್ನು ಇಟ್ಟುಕೊಳ್ಳುವುದು. ಸೇರಿದ ಕೂಡಲೇ ಸದಸ್ಯನಾಗಲಿ, ಆದರೆ ಒಂದು ವರ್ಷ ಕಳೆದ ಮೇಲೆ ಮತ ಹಾಕಲಿ. ಚಂದಾ ಬಾಕಿಯ ವಿಷಯದಲ್ಲಿ 1860ರ ಕಾಯಿದೆಯೇ ಸ್ಪಷ್ಟವಾಗಿದೆ: ಮೂರು ತಿಂಗಳಿಗಿಂತ ಹೆಚ್ಚು ಬಾಕಿ ಇಟ್ಟವನಿಗೆ ಮತವಿಲ್ಲ, ಸದಸ್ಯನೆಂಬ ಎಣಿಕೆಯೂ ಇಲ್ಲ. ಅದೇ ಕಾಯಿದೆಯಂತೆ ಸದಸ್ಯನೆಂದರೆ ನಿಯಮಾನುಸಾರ ಸೇರಿಸಿಕೊಳ್ಳಲ್ಪಟ್ಟು, ಚಂದಾ ಕೊಟ್ಟವನು ಅಥವಾ ಸದಸ್ಯರ ಪಟ್ಟಿಗೆ ಸಹಿ ಹಾಕಿದವನು. ಬ್ರಿಟಿಷರ ಕಾಲದ ಆ ಕಾಯಿದೆ ಹುಟ್ಟನ್ನು ಕೇಳಲಿಲ್ಲ, ನಡತೆಯನ್ನು ಕೇಳಿತು.

ಇನ್ನೊಂದು ಲೋಪ ನಮ್ಮ ಸಂಘಗಳಲ್ಲಿ ಹಳೆಯದು. 'ಮನೆಗೊಬ್ಬ ಸದಸ್ಯ' ಎಂಬ ಪದ್ಧತಿ. ಆ ಒಬ್ಬ ಯಾವಾಗಲೂ ಯಜಮಾನನೇ. ಮಗುವಿಗೆ ಮಾತು ಕಲಿಸುವ ತಾಯಿಯ ಹೆಸರು ಪಟ್ಟಿಯಲ್ಲಿಲ್ಲ. ಮಗಳು ಮಲಯಾಳದವರ ಮನೆಗೋ ತಮಿಳರ ಮನೆಗೋ ಮದುವೆಯಾಗಿ ಹೋದರೆ ಅವಳು ಲೆಕ್ಕಕ್ಕೇ ಇಲ್ಲ. ಬೇರೆ ಭಾಷೆಯ ಮನೆಯಿಂದ ಬಂದ ಸೊಸೆ ಕನ್ನಡ ಕಲಿತರೂ ಅವಳು ಹೊರಗಿನವಳೇ. ಜನಗಣತಿ ತಾಯಿಯ ಮಾತನ್ನು ಆಧಾರವಾಗಿಟ್ಟುಕೊಂಡರೆ ಭಾಷೆಗಾಗಿ ಇರುವ ಸಂಘ ಮಾತ್ರ ತಂದೆಯ ಹೆಸರನ್ನು ಆಧಾರವಾಗಿಟ್ಟುಕೊಂಡಿರುವುದು ವಿಚಿತ್ರವಲ್ಲವೇ?

ಹೀಗಿರುವಲ್ಲಿ ಗಡಿನಾಡಿನ ಯಾವುದೇ ಕನ್ನಡ ಸಂಘದ ನಿಯಮಾವಳಿಯಲ್ಲಿ ಐದು ಅಂಶಗಳಿದ್ದರೆ ಒಳಿತು. ಮೊದಲನೆಯದು, ಕನ್ನಡ ಆಡುವವರು, ಕನ್ನಡ ಓದಿದವರು, ಕನ್ನಡ ಕಲಿಯಲು ಮನಸ್ಸುಳ್ಳವರು ಈ ಮೂವರಲ್ಲಿ ಯಾರೂ ಸದಸ್ಯರಾಗಬಹುದು, ಅರ್ಜಿಯಲ್ಲಿ ಅವರು ಹೇಳಿದ ಮಾತೇ ಪ್ರಮಾಣ. ಎರಡನೆಯದು, ಅರ್ಜಿಯಲ್ಲಿ ಜಾತಿ, ಮತಗಳ ಅಂಕಣ ಕೂಡದು. ಮೂರನೆಯದು, ಗಂಡಾಗಲಿ ಹೆಣ್ಣಾಗಲಿ ಪ್ರತಿಯೊಬ್ಬ ವಯಸ್ಕರೂ ಪ್ರತ್ಯೇಕ ಸದಸ್ಯರು. ನಾಲ್ಕನೆಯದು, ಸೇರಿದ ಒಂದು ವರ್ಷದ ಮೇಲೆ ಮತಾಧಿಕಾರ. ಐದನೆಯದು, ಅರ್ಜಿಯನ್ನು ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡತಕ್ಕದ್ದು, ಅದರ ಮೇಲೆ ಮಹಾಸಭೆಗೆ ಅಪೀಲು ಇರತಕ್ಕದ್ದು. ಕಾರಣ ಬರೆದು ಕೊಡಬೇಕೆಂದಾಗ ಅರ್ಧಕ್ಕರ್ಧ ತಿರಸ್ಕಾರಗಳು ತಾವಾಗಿ ನಿಲ್ಲುತ್ತವೆ, ಏಕೆಂದರೆ ನಿಜವಾದ ಕಾರಣ ಎಷ್ಟೋ ವೇಳೆ ಕಾಗದದ ಮೇಲೆ ಬರೆಯುವಂಥದ್ದಾಗಿರುವುದಿಲ್ಲ.

ಕಾನೂನಿನಲ್ಲಿ ಬಹುಸಂಖ್ಯಾತರು ಯಾರು, ಅಲ್ಪಸಂಖ್ಯಾತರು ಯಾರು ಎಂಬುದನ್ನು ರಾಜ್ಯವನ್ನು ಘಟಕವಾಗಿಟ್ಟುಕೊಂಡು ನೋಡಬೇಕೆಂದು 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಆ ಲೆಕ್ಕದಲ್ಲಿ ಕೇರಳದಲ್ಲಿ ನಾವೂ ತಮಿಳುನಾಡಿನಲ್ಲಿ ಮೇಚೇರಿಯವರೂ ಒಂದೇ ಸಾಲಿನವರು. ನಮ್ಮನ್ನು ಸಣ್ಣವರನ್ನಾಗಿ ಮಾಡಿದ್ದು 1956ರ ಗಡಿರೇಖೆ. ಅದನ್ನು ಅಳಿಸುವುದು ನಮ್ಮ ಕೈಯಲ್ಲಿಲ್ಲ. ಸಂಘದೊಳಗೆ ಮತ್ತೊಂದು ಗಡಿರೇಖೆ ಎಳೆಯದಿರುವುದು ಮಾತ್ರ ಪೂರ್ತಿಯಾಗಿ ನಮ್ಮ ಕೈಯಲ್ಲೇ ಇದೆ. ಮುಂದಿನ ಮಹಾಸಭೆಗೆ ಹೋಗುವ ಮೊದಲು ಪ್ರತಿಯೊಬ್ಬ ಸದಸ್ಯರೂ ತಮ್ಮ ಸಂಘದ ನಿಯಮಾವಳಿಯ ಸದಸ್ಯತ್ವದ ಪುಟವನ್ನು ಒಮ್ಮೆ ತೆರೆದು ಓದಲಿ. ಆ ಪುಟದ ಪ್ರಕಾರ ಯಾರು ಹೊರಗುಳಿಯುತ್ತಾರೆಂದು ಎಣಿಸಲಿ. ತಿದ್ದುಪಡಿ ಸೂಚಿಸಲು ಅಷ್ಟೇ ಸಾಕು.