ಡಬ್ಬಿ ಕಾರಲ್ಲೇ ಇರಲಿ

ಸ್ಕೋಕಿಗೆ ಬಂದ ಹೊಸತರಲ್ಲಿ ಒಬ್ಬರು ಸಿಕ್ಕಿ "ಯಾವೂರು ನಿಮ್ದು?" ಅಂದರು. ಕನ್ನಡ ಕಿವಿಗೆ ಬಿದ್ದು ಜೀವ ಬಂದ ಹಾಗಾಯ್ತು. ಶನಿವಾರ ಕಾಫಿಗೆ ಕರೆದರು. ಕಾಫಿ ಹಿಂದೆಯೇ ಬಂತು ಸಕ್ಕರೆ ಕಾಯಿಲೆಗೆ ಪುಡಿ, ಮಂಡಿನೋವಿಗೆ ಮಾತ್ರೆ, ಕೊನೆಗೆ "ನೀವೂ ಬಿಸಿನೆಸ್ ಶುರು ಮಾಡಿ."

ವ್ಯಾಪಾರ ತಪ್ಪಲ್ಲ, ಸ್ವಾಮಿ. ಡೆವೊನ್ ಅವೆನ್ಯೂ ಅಂಗಡಿಯಲ್ಲಿ ಬೇಡ ಅಂದರೆ ಯಾರೂ ಮುನಿಸಿಕೊಳ್ಳಲ್ಲ. ಇಲ್ಲಿ ಹಾಗಲ್ಲ, ಇಲ್ಲಿ ಬಂಡವಾಳವೇ ನಮ್ಮ ಸ್ನೇಹ, ನಮ್ಮ ದಾಕ್ಷಿಣ್ಯ.

"ಅಮೆರಿಕದಲ್ಲಿ ಮಾರ್ತಾರೆ ಅಂದ್ರೆ ಪರೀಕ್ಷೆ ಆಗಿರುತ್ತೆ" ಅಂತಾರೆ. 1994ರ ಕಾನೂನಿನ ಪ್ರಕಾರ ಇಂಥ ಪೂರಕಗಳಿಗೆ ಮಾರುವ ಮುಂಚೆ ಎಫ್‌ಡಿಎ ಒಪ್ಪಿಗೆ ಬೇಕಿಲ್ಲ. ಆದರೆ ಕಾಯಿಲೆ ವಾಸಿಯಾಗುತ್ತೆ ಅನ್ನೋ ಹಾಗೂ ಇಲ್ಲ. ಅದಕ್ಕೇ ಡಬ್ಬಿ ಮೇಲೆ ಬರೆಯಲಾಗದ್ದನ್ನ ಸೋಫಾ ಮೇಲೆ ಕೂತು ಕನ್ನಡದಲ್ಲಿ ಹೇಳೋದು! "ನಮ್ಮ ಆಯುರ್ವೇದ ಕಣ್ರೀ" ಅಂದರೂ ಅಷ್ಟೇ. ಬಾಸ್ಟನ್ ಸುತ್ತಿನ ಅಂಗಡಿಗಳಿಂದ ತಂದ 70 ಆಯುರ್ವೇದ ಔಷಧಿಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತೆಂದು 2004ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ.

ಲಾಭವಾದರೂ ಉಂಟಾ? ಗಳಿಕೆಯ ಆಸೆ ತೋರಿಸಿ ಜನರನ್ನು ಸೇರಿಸಿಕೊಂಡ ಆರೋಪಕ್ಕೆ ಹರ್ಬಲೈಫ್ 2016ರಲ್ಲಿ 20 ಕೋಟಿ ಡಾಲರ್ ಕೊಟ್ಟಿತು.

ಊರಿಂದ ಬಂದಿದ್ದ ನಮ್ಮತ್ತೆ ಡಾಕ್ಟರ ಮಾತ್ರೆ ಬಿಟ್ಟು ಆ ಪುಡಿ ಹಿಡಿದರು. "ನಮ್ಮೋರು ಸುಳ್ಳು ಹೇಳ್ತಾರಾ?" ಅಂದರು. ಶುಗರ್ ಏರಿ ಎಮರ್ಜೆನ್ಸಿಗೆ ಓಡಿದ್ದು ನಾವು.

ಕೂಟಕ್ಕೆ ಬನ್ನಿ, ಒಟ್ಟಿಗೆ ಬಿಸಿಬೇಳೆಬಾತ್ ತಿನ್ನೋಣ. ಡಬ್ಬಿ ಮಾತ್ರ ಕಾರಲ್ಲೇ ಇರಲಿ.