ಊರು ಬಿಡುವ ಎರಡು ಬಗೆ

ನಮ್ಮ ಯುವಕ ಯುವತಿಯರು ಹುಟ್ಟಿದೂರನ್ನು ತೊರೆದು ದೂರದ ಪಟ್ಟಣಗಳಿಗೂ ಪರದೇಶಗಳಿಗೂ ಹೋಗುತ್ತಿರುವರೆಂದು ಹಿರಿಯರು ವ್ಯಸನಪಡುವದನ್ನು ನಾವು ಪದೇ ಪದೇ ಕೇಳುತ್ತೇವೆ. ಈ ವ್ಯಸನವು ಪ್ರೀತಿಯಿಂದ ಹುಟ್ಟಿದುದು. ಅದನ್ನು ನಾವು ಹಳಿಯುವದಿಲ್ಲ. ಆದರೆ ಊರು ಬಿಡುವದರಲ್ಲಿ ಎರಡು ಬಗೆಗಳುಂಟು. ಅವುಗಳ ಭೇದವನ್ನು ತಾಯಿತಂದೆಗಳು ವಿಚಾರಿಸಬೇಕೆಂಬದೇ ನಮ್ಮ ಬಿನ್ನಹ.

ರಾಮಸಮುದ್ರದಂಥ ನಮ್ಮ ಸೀಮೆಯ ಹಳ್ಳಿಗಳಿಗೆ ಊರು ಬಿಡುವದು ಹೊಸದೇನೂ ಅಲ್ಲ. ಮುಂಬಯಿ ಕಡೆಯ ರೈಲುಹಾದಿಯೂ ಮದರಾಸು ಕಡೆಯ ಹಾದಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದಂದಿನಿಂದ ಯಾದಗಿರಿಯ ನಿಲ್ದಾಣವು ನಮಗೆ ಹೊರಲೋಕದ ಬಾಗಿಲಾಗಿದೆ. ಮಳೆ ತಪ್ಪಿ ತೊಗರಿ ಜೋಳಗಳು ಒಣಗಿದ ವರ್ಷ ಸಂಸಾರಗಳು ಗಂಟು ಕಟ್ಟಿಕೊಂಡು ಬೆಂಗಳೂರು, ಮುಂಬಯಿ, ಪುಣೆಗಳಿಗೆ ಕಟ್ಟಡದ ಕೂಲಿಗೆಂದು ಗುಳೆ ಹೋಗುತ್ತವೆ. ಹಾಗೆ ಜೊತೆಯಲ್ಲಿ ಹೊರಟ ಹುಡುಗಿಗೆ ಕನಸು ಕಾಣಲು ಬಿಡುವೆಲ್ಲಿ? ತಂಗಿ ತಮ್ಮಂದಿರನ್ನು ಆಡಿಸುವದೂ ಗುಡಿಸಲು ಕಾಯುವದೂ ಅವಳ ಪಾಲಿಗೆ ಬರುತ್ತವೆ. ಅವಳು ತಿರುಗಿ ಬರುವಷ್ಟರಲ್ಲಿ ಪಾಠಗಳು ಮುಂದೆ ಸಾಗಿರುತ್ತವೆ. ನಾಚಿಕೆಯಿಂದ ಅವಳು ಶಾಲೆಯ ಕಡೆಗೇ ಸುಳಿಯಳು.

ಇನ್ನೊಂದು ಬಗೆಯನ್ನು ನೋಡಿರಿ. ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ವಿದ್ಯಾರ್ಥಿವೇತನವನ್ನು ಪಡೆದು 1947ರಲ್ಲಿ ಹಡಗನ್ನೇರಿ ಅಮೆರಿಕೆಯ ಮಿಚಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1953ರಲ್ಲಿ ಡಾಕ್ಟರೇಟು ಪದವಿಯೊಡನೆ ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ಅಧ್ಯಾಪಕಿಯಾಗಿದ್ದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲೊಬ್ಬರು. ಮೊಮ್ಮಗಳು ಸಮುದ್ರ ದಾಟುವದಕ್ಕೆ ಮೊದಲೇ ಅಜ್ಜಿ ಹೊಸ್ತಿಲು ದಾಟಿದ್ದರೆಂಬದನ್ನು ನಾವು ಮರೆಯಲಾಗದು.

ಮೊದಲನೆಯ ಹುಡುಗಿಯನ್ನು ಬಡತನವು ಕರೆದೊಯ್ಯುತ್ತದೆ. ಎರಡನೆಯವಳನ್ನು ವಿದ್ಯೆಯು ಕಳುಹಿಸುತ್ತದೆ. ಹೋದವರೆಲ್ಲರೂ ಮರಳಿ ಬರುವರೆಂದು ನಾವು ಭರವಸೆ ಕೊಡಲಾರೆವು. ಆದರೆ ವಿದ್ಯೆಯುಳ್ಳವಳಿಗೆ ಹೋಗುವದೂ ಮರಳುವದೂ ತನ್ನ ಇಚ್ಛೆಗೆ ಸೇರಿದ ಮಾತು. ಗುಳೆ ಹೋದವಳಿಗೆ ಎರಡೂ ಅವಳ ಕೈಯೊಳಗಿಲ್ಲ.

ನಮ್ಮ ಹಿರಿಯರಿಗೆ ಈ ದಾರಿ ಸುಲಭವಾಗಿರಲಿಲ್ಲ. ಈ ಸೀಮೆಯು 1948ರ ವರೆಗೆ ನಿಜಾಮರ ಆಳಿಕೆಯಲ್ಲಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಆಗ ಪಾಠ ನಡೆಯುತ್ತಿದ್ದುದು ಉರ್ದುವಿನಲ್ಲಿ. ಈಗಲಾದರೋ ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯವಿದೆ. ಹಿಂದುಳಿದ ಪ್ರದೇಶದ ಹುಡುಗಿಯರಿಗೆಂದು 2004ರಲ್ಲಿ ಆರಂಭವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಲ್ಲಿ ಊಟ ವಸತಿಗಳೂ ಉಂಟು. ಮಗನ ಓದಿಗೆ ಸಾಲ ತೆಗೆಯುವ ಮನೆಯಲ್ಲಿ ಮಗಳ ಓದಿಗೆ ದೂರವೆಂಬ ನೆಪ ಹೇಳುವದು ನ್ಯಾಯವಲ್ಲ.

ಆದುದರಿಂದ, ತಾಯಿತಂದೆಗಳೇ, ಗುಳೆ ಹೋಗುವ ಕಷ್ಟ ಬಂದರೂ ಮಗಳನ್ನು ಅಜ್ಜಿಯ ಬಳಿಯಲ್ಲಿಯೋ ವಸತಿಗೃಹದಲ್ಲಿಯೋ ಇರಿಸಿ ಓದಿಸಿರಿ. ಈ ಶಾಲೆಯಲ್ಲಿ ಕಲಿತುಹೋದ ಸಹೋದರಿಯರೇ, ನೀವು ಯಾವ ಊರಿನಲ್ಲಿದ್ದರೂ ನಿಮ್ಮ ಹಳ್ಳಿಯ ಒಬ್ಬ ಹುಡುಗಿಯ ಪುಸ್ತಕದ ಖರ್ಚನ್ನಾದರೂ ವಹಿಸಿಕೊಳ್ಳಿರಿ. ಅವಳು ನಾಳೆ ಊರು ಬಿಟ್ಟರೆ ಬಿಡಲಿ. ತಲೆಯ ಮೇಲೆ ಗಂಟನ್ನು ಹೊತ್ತಲ್ಲ, ಕೈಯಲ್ಲಿ ಪುಸ್ತಕವನ್ನು ಹಿಡಿದು ಬಿಡಲಿ.