ಹೊಸೂರಿಗೆ ಮೊದಲು ಒಳಚರಂಡಿ
ನಮ್ಮ ಹೊಸೂರು 2019ರಲ್ಲಿ ಮಹಾನಗರಪಾಲಿಕೆ ಆಯಿತು. ಸಂತೋಷವೇ. ಆದರೆ ಬೋರ್ಡು ಬದಲಾದಷ್ಟು ಬೇಗ ಚರಂಡಿ ಬದಲಾಗೋದಿಲ್ಲವಲ್ಲ! ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೊಳಕು ದಕ್ಷಿಣ ಪಿನಾಕಿನಿಗೆ ಸೇರಿ, ಕೆಲವರಪಳ್ಳಿ ಅಣೆಕಟ್ಟೆ ಹತ್ತಿರ ಆಳೆತ್ತರ ನೊರೆಯಾಗಿ ಏಳುತ್ತದೆ. ಗುಲಾಬಿ, ಟೊಮ್ಯಾಟೊ, ಕೋಸು ಬೆಳೆಯೋ ನಾವು ಆ ಕಾಲುವೆ ನೀರಲ್ಲೇ ಕಾಲಿಡಬೇಕು. ಮೇಲಿನೂರನ್ನು ಬೈಯೋದು ಸರಿಯೇ. ಆದರೆ ನಮ್ಮ ಹೊಸ ಬಡಾವಣೆಗಳ ಕೊಳಚೆಯನ್ನು ನಾವೂ ಕೆಳಗಿನ ಕೃಷ್ಣಗಿರಿ ರೈತರತ್ತ ಹರಿಸಿದರೆ ಬೈಯೋ ಬಾಯಿಗೆ ಏನು ಬೆಲೆ?

ಅಲಂಕಾರದ ವೃತ್ತ, ಬಣ್ಣದ ದೀಪ ಆಮೇಲೆ ನೋಡೋಣ. ತೆರಿಗೆ ನೋಟೀಸು ತಮಿಳಿನ ಜೊತೆ ಕನ್ನಡ, ತೆಲುಗಿನಲ್ಲೂ ಬರಲಿ (ಕಟ್ಟೋರಿಗೆ ಓದೋಕಾದ್ರೂ ಬರಬೇಕಲ್ಲ). ಹಣವನ್ನು ಮಾತ್ರ ಮೊದಲು ಒಳಚರಂಡಿಗೆ, ಶುದ್ಧೀಕರಣ ಘಟಕಕ್ಕೆ ಇಡಲಿ. ಯಾವ ಬಡಾವಣೆಗೇ ಆಗಲಿ, ಕೊಳಚೆ ಎಲ್ಲಿಗೆ ಹೋಗುತ್ತೆ ಅಂತ ನಕ್ಷೆಯಲ್ಲಿ ತೋರಿಸದೆ ಅನುಮತಿ ಕೊಡಬಾರದು.